ಬೀದಿಯ ಗೋಡೆ ಯಾರದು?

ಗೋಡೆಗೆ ಎರಡು ಮುಖಗಳುಂಟು. ಒಳಮುಖವು ಮನೆಯವರದು. ಹೊರಮುಖವಾದರೋ ಒಡೆತನದಿಂದ ಒಬ್ಬನದಾದರೂ ನೋಟದಿಂದ ಎಲ್ಲರದು. ದಾರಿಹೋಕನು ಬೇಡವೆಂದರೂ ಅದು ಅವನ ಕಣ್ಣಿಗೆ ಬೀಳದಿರದು. ಆದುದರಿಂದ ಬೀದಿಯ ಗೋಡೆಯ ಮೇಲೆ ಚಿತ್ರ ಬರೆಯುವುದು ಕೇವಲ ಕಲೆಯ ವಿಷಯವಲ್ಲ, ನೀತಿಯ ವಿಷಯವೂ ಹೌದು.

ಶ್ರೀರಾಮನಗರವಿರುವ ಗಂಗಾವತಿ ಸೀಮೆಗೆ ಚಿತ್ರಕಲೆಯು ಹೊಸದಲ್ಲ. ಹಿರೇಬೆಣಕಲ್ಲಿನ ಬೆಟ್ಟದ ಬಂಡೆಗಳ ಮೇಲೆ ಇತಿಹಾಸಪೂರ್ವ ಕಾಲದ ಜನರು ಕೆಂಪು ಬಣ್ಣದಲ್ಲಿ ಮನುಷ್ಯರನ್ನೂ ಪ್ರಾಣಿಗಳನ್ನೂ ಚಿತ್ರಿಸಿದ್ದಾರೆ. ಆನೆಗೊಂದಿಯ ಹುಚ್ಚಪ್ಪಯ್ಯನ ಮಠದ ಛಾವಣಿಯಲ್ಲಿ ವರ್ಣಚಿತ್ರಗಳಿವೆ. ಹೊಳೆಯಾಚೆ ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದಲ್ಲಿ ವಿದ್ಯಾರಣ್ಯರ ಪಲ್ಲಕ್ಕಿಯ ಮೆರವಣಿಗೆಯೇ ಇದೆ. ಬಯಲಿನ ಬಂಡೆಯ ಚಿತ್ರಕ್ಕೆ ಬಾಗಿಲಿಲ್ಲ, ಬೀಗವಿಲ್ಲ. ತಲೆಮಾರುಗಳ ಜನರು ಅದರ ಮೇಲೆ ಕೈಯಿಡದೆ ಮುಂದೆ ಸಾಗಿದ್ದರಿಂದಲೇ ಅದು ನಮ್ಮವರೆಗೆ ಉಳಿದು ಬಂದಿದೆ. ನೋಡುವವನ ಸಂಯಮವೇ ಅದಕ್ಕೆ ಕಾವಲು.

ಬಹಿರಂಗ ಸ್ಥಳಗಳನ್ನು ವಿರೂಪಗೊಳಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರ ಕಾಯಿದೆಯೊಂದಿದೆ. ಆದರೆ ಕಾಯಿದೆಯು ಸಂಯಮವನ್ನು ಹುಟ್ಟಿಸಲಾರದು. ಈ ಕೊರತೆಯನ್ನು ತುಂಬಲು ನಮ್ಮ ನಗರಗಳು ಬೇರೊಂದು ಉಪಾಯವನ್ನು ಕಂಡುಕೊಂಡಿವೆ. ಗೋಡೆಯ ಬುಡದಲ್ಲಿ ಜನರು ಮೂತ್ರ ಮಾಡದಿರಲೆಂದು ಅಲ್ಲಿ ದೇವರ ಚಿತ್ರಗಳನ್ನು ಬರೆಯಿಸುವರು. ಆ ಗೋಡೆಯೇನೋ ಶುಚಿಯಾದೀತು, ಮನಸ್ಸು ಶುಚಿಯಾಯಿತೇ? ದೇವರಿಗೆ ಅಂಜಿದವನು ಚಿತ್ರವಿಲ್ಲದ ಮುಂದಿನ ಗೋಡೆಗೆ ಹೋಗುವನು. ಅವನಿಗೆ ಶೌಚಾಲಯವನ್ನು ಒದಗಿಸಬೇಕಾದ ಊರು, ಪೂಜ್ಯವಾದುದನ್ನು ಹೊಲಸಿನ ಬಳಿ ಕಾವಲಿಗೆ ನಿಲ್ಲಿಸಿ ತನ್ನ ಹೊಣೆಯಿಂದ ಜಾರಿಕೊಳ್ಳುವುದು ಭಕ್ತಿಯೂ ಅಲ್ಲ, ನೀತಿಯೂ ಅಲ್ಲ.

ಇದಕ್ಕೆ ಪ್ರತಿಯಾದ ನಿದರ್ಶನವೊಂದು ಬೆಂಗಳೂರಿನಲ್ಲಿದೆ. 2015ರಲ್ಲಿ ಸುಲ್ತಾನಪಾಳ್ಯದ ರಸ್ತೆಯ ದೊಡ್ಡ ಗುಂಡಿಯೊಂದನ್ನು ಕಲಾವಿದ ಬಾದಲ್ ನಂಜುಂಡಸ್ವಾಮಿಯವರು ಹಸಿರು ಬಣ್ಣದಿಂದ ಕೊಳವಾಗಿಸಿ, ಅದರಲ್ಲಿ ಮೊಸಳೆಯ ಆಕೃತಿಯನ್ನಿಟ್ಟರು. ನೋಡಿದವರು ನಕ್ಕರು, ಹೊಣೆಯುಳ್ಳವರು ನಾಚಿದರು, ಗುಂಡಿ ಮುಚ್ಚಿತು. ಹಿರೇಬೆಣಕಲ್ಲಿನ ಚಿತ್ರವು ಉಳಿದು ಸಾರ್ಥಕವಾಯಿತು. ಈ ಕೃತಿಯು ಅಳಿದು ಸಾರ್ಥಕವಾಯಿತು.

ಆದುದರಿಂದ ಬಾಳಿಕೆಯಾಗಲಿ ಬಣ್ಣದ ಬೆಡಗಾಗಲಿ ಬೀದಿಯ ಚಿತ್ರಕ್ಕೆ ಒರೆಗಲ್ಲಲ್ಲ. ಅದು ನೋಡುವವರ ಹೊಣೆಯನ್ನು ಎಚ್ಚರಿಸುವುದೋ, ಇಲ್ಲವೆ ಮರೆಮಾಚುವುದೋ ಎಂಬುದನ್ನೇ ಕೇಳಬೇಕು. ಶಾಲೆಯ ಗೋಡೆಗೆ, ಪಂಚಾಯಿತಿಯ ಗೋಡೆಗೆ ಬಣ್ಣ ಹಚ್ಚಿಸಹೊರಟ ಸದ್ಭಕ್ತರು ಕುಂಚವೆತ್ತುವ ಮುನ್ನ ಆ ಗೋಡೆಯ ಬುಡವನ್ನೊಮ್ಮೆ ನೋಡಲಿ. ಅಲ್ಲಿ ಚರಂಡಿ ಕಟ್ಟಿ ನಿಂತಿದ್ದರೆ ಮೊದಲು ಬೇಕಾದುದು ಸಲಿಕೆ. ಕುಂಚದ ಸರದಿ ಅನಂತರದ್ದು.