ಯಾರೂ ನೋಡದ ಗೀರು



ಹೊಸದಾಗಿ ಕಾರು ಕಲಿತವರನ್ನು ಕೇಳಿ ನೋಡಿ. ನೇರ ರಸ್ತೆಯಲ್ಲಿ ಓಡಿಸುವುದು ಸುಲಭ, ನಿಂತ ಎರಡು ಕಾರುಗಳ ನಡುವೆ ರಸ್ತೆಯಂಚಿಗೆ ಸಮಾನಾಂತರವಾಗಿ ನಿಲ್ಲಿಸುವುದೇ ಕಷ್ಟ ಎನ್ನುತ್ತಾರೆ. ಮುಂದಿನ ಕಾರಿನ ಪಕ್ಕ ಎರಡು ಮೂರು ಅಡಿ ಬಿಟ್ಟು ನಿಲ್ಲಬೇಕು. ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿ ನಿಧಾನವಾಗಿ ಹಿಂದೆ ಬರಬೇಕು. ನಮ್ಮ ಮೂತಿ ಮುಂದಿನ ಕಾರನ್ನು ದಾಟಿದ ಮೇಲೆ ಬಲಕ್ಕೆ ತಿರುಗಿಸಬೇಕು. ಅಷ್ಟರಲ್ಲಿ ಹಿಂದಿನವರ ಹಾರ್ನ್ ಶುರುವಾಗಿರುತ್ತದೆ, ಅಂಗೈ ಬೆವರುತ್ತದೆ.

ಇದಕ್ಕೆ ಮದ್ದು ಅಭ್ಯಾಸವೊಂದೇ. ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಖಾಲಿ ಮೈದಾನದಲ್ಲಿ ಬಕೆಟುಗಳನ್ನಿಟ್ಟು ಇಪ್ಪತ್ತು ಸಲ ಮಾಡಿದರೆ ಕೈಗೆ ತಾನಾಗಿ ಲೆಕ್ಕ ಸಿಗುತ್ತದೆ. ಎಲ್ಎಲ್ ಸಿಕ್ಕಿ 30 ದಿನವಾಗದೆ ಡಿಎಲ್ ಪರೀಕ್ಷೆಗೆ ಹೋಗುವಂತಿಲ್ಲ ಎಂಬ ನಿಯಮದ ಹಿಂದಿರುವುದೂ ಇದೇ ತಿಳಿವಳಿಕೆ.

ಈಗ ಒಂದು ಪ್ರಶ್ನೆ. ಹೀಗೆ ಹಿಂದೆ ಬರುವಾಗ ನಿಮ್ಮ ಕಾರು ಮುಂದಿನ ಕಾರಿನ ಮೂಲೆಗೆ ತಾಗಿ ಗೀರು ಬಿತ್ತೆನ್ನಿ. ಅದರ ಮಾಲೀಕರಿಲ್ಲ. ಬೀದಿಯಲ್ಲಿ ಯಾರೂ ನೋಡಲಿಲ್ಲ. ಸುಮ್ಮನೆ ಹೊರಟುಬಿಡಬಹುದೇ?

ಮನಸ್ಸು ನೆಪಗಳನ್ನು ಹುಡುಕುತ್ತದೆ. ‘ಸಣ್ಣ ಗೀರು ತಾನೇ?’ ‘ಅವರಿಗೆ ಇನ್ಶೂರೆನ್ಸ್ ಇದ್ದೇ ಇರುತ್ತದೆ.’ ‘ನನ್ನ ಕಾರಿಗೆ ಗೀರು ಬಿದ್ದಾಗ ಯಾರು ಬಂದು ಹೇಳಿದರು?’ ಕೊನೆಯ ನೆಪ ನ್ಯಾಯದ ಮಾತಿನಂತೆ ಕೇಳುತ್ತದೆ. ಆದರೆ ನಿಮಗೆ ನಷ್ಟ ಮಾಡಿದವರು ಬೇರೆ, ಈ ಕಾರಿನವರು ಬೇರೆ. ಒಬ್ಬರ ಸಾಲವನ್ನು ಇನ್ನೊಬ್ಬರಿಂದ ವಸೂಲು ಮಾಡುವುದು ಯಾವ ನ್ಯಾಯ?

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಕೈಚಳಕಕ್ಕೂ ಸದ್ಗುಣಕ್ಕೂ ಒಂದು ವ್ಯತ್ಯಾಸ ತೋರಿಸುತ್ತಾನೆ. ಕಸುಬಿನಲ್ಲಿ ಬೇಕೆಂದೇ ತಪ್ಪು ಮಾಡುವವನು ತಿಳಿಯದೆ ಮಾಡುವವನಿಗಿಂತ ಮೇಲು, ಅವನಿಗೆ ಸರಿಯಾದದ್ದು ಗೊತ್ತಿದೆ. ನಡತೆಯಲ್ಲಿ ಇದು ತಿರುಗುಮುರುಗು: ಬೇಕೆಂದೇ ಮಾಡಿದ ತಪ್ಪೇ ಹೆಚ್ಚಿನದು. ಗೀರು ಬಿದ್ದದ್ದು ಕೈ ಪಳಗದ ತಪ್ಪು, ಅದನ್ನು ಮನ್ನಿಸಬಹುದು. ಹೇಳದೆ ಹೊರಟದ್ದು ತಿಳಿದೂ ಮಾಡಿದ ತಪ್ಪು. ಹೊಸ ಚಾಲಕರೆಂಬ ರಿಯಾಯಿತಿ ಅದಕ್ಕಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಮೂ ಈ ಬಗ್ಗೆ ಮಾತನಾಡುತ್ತದೆ. ಅಪಘಾತದಲ್ಲಿ ಬೇರೆಯವರ ಸ್ವತ್ತಿಗೆ ಹಾನಿಯಾಗಿ, ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ, ಚಾಲಕನು 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕು. ಆದರೆ ಕಾನೂನು ಎಲ್ಲ ಬೀದಿಯಲ್ಲೂ ಕಾವಲು ನಿಲ್ಲಲಾರದು. ಉಳಿದ ಕಾವಲು ಅಂತಃಕರಣದ್ದು.

ಈ ಕಾವಲಿಗೂ ಅಭ್ಯಾಸ ಬೇಕು. ಹೆಸರು, ಫೋನ್ ನಂಬರ್ ಬರೆದು ವೈಪರಿಗೆ ಸಿಕ್ಕಿಸುವಾಗ ಮೊದಲ ಸಲ ಸ್ಟೀರಿಂಗ್ ಹಿಡಿದಾಗಿನಂತೆಯೇ ಕೈ ನಡುಗುತ್ತದೆ. ಎರಡನೆಯ ಸಲ ಅಷ್ಟು ಕಷ್ಟವಾಗದು. ನೆನಪಿರಲಿ, ಹೇಳದೆ ಹೊರಡುವುದೂ ಒಂದು ಅಭ್ಯಾಸವೇ, ಅದೂ ಸಲದಿಂದ ಸಲಕ್ಕೆ ಸುಲಭವಾಗುತ್ತದೆ. ಆದ್ದರಿಂದ ಮಗನಿಗೋ ಮಗಳಿಗೋ ಕಾರಿನ ಕೀಲಿ ಕೊಡುವಾಗ, ಒಂದು ಪುಟ್ಟ ನೋಟ್‌ಬುಕ್ಕು, ಒಂದು ಪೆನ್ನು ಕಾರಿನಲ್ಲಿ ಇಟ್ಟುಕೊಡಿ. ಅದು ಏತಕ್ಕೆಂದೂ ಹೇಳಿಕೊಡಿ.