‘ಆಯ್ತು’ ಅನ್ನೋ ಮಾತಿಗೆ ಎರಡು ಅರ್ಥ

ಕನ್ನಡದಲ್ಲಿ ‘ಆಯ್ತು’ ಅನ್ನೋದಕ್ಕೆ ಎರಡು ಅರ್ಥ ಇದೆ. ಅಮ್ಮ ಫೋನ್ ಮಾಡಿ "ಪಹಣಿಯಲ್ಲಿ ಹೆಸರು ತಪ್ಪಾಗಿದೆ, ಬಂದು ಒಂಚೂರು ನೋಡಪ್ಪಾ" ಅಂದ್ರೆ ನಾನು "ಆಯ್ತಮ್ಮ" ಅಂತೀನಿ. ಅಂದ್ರೆ ಕೇಳಿಸ್ಕೊಂಡೆ, ಮಾಡ್ತೀನಿ ಅಂತ. ಅದೇ ಅಮ್ಮ "ಊಟ ಆಯ್ತಾ?" ಅಂದಾಗಲೂ "ಆಯ್ತು" ಅಂತೀನಿ. ಅಂದ್ರೆ ಮುಗಿದಿದೆ, ತಟ್ಟೆನೂ ತೊಳೆದಿಟ್ಟಿದ್ದೀನಿ ಅಂತ. ಒಂದು ಒಪ್ಪಿಕೊಂಡಿದ್ದು, ಇನ್ನೊಂದು ಮುಗಿಸಿದ್ದು. ಈ ಎರಡರ ನಡುವೆ ಎಷ್ಟು ದೂರ ಇದೆ ಅಂತ ನನಗೆ ಗೊತ್ತಾಗಿದ್ದು ಒಂದು ಹಾಲಿನ ಡೈರಿಯಲ್ಲಿ.

ಬಿಇ ಮುಗಿಸಿ ಎರಡು ವರ್ಷ ಆಗಿತ್ತು. ನಾನಿದ್ದ ಸಣ್ಣ ಕಂಪನಿ ಹಳ್ಳಿ ಡೈರಿಗಳಿಗೆ ಒಂದು ಪುಟ್ಟ ಮಿಷನ್ ಮಾಡ್ತಿತ್ತು. ಹಾಲು ತೂಗಿ, ಫ್ಯಾಟ್ ನೋಡಿ, ಲೆಕ್ಕ ಫೈಲಿಗೆ ಬರೆದು, ರೈತರ ಕೈಗೆ ಚೀಟಿ ಕೊಡೋದು ಅದರ ಕೆಲಸ. ಒಳಗಿದ್ದಿದ್ದು ಲಿನಕ್ಸ್. ಫೈಲಿಗೆ ಬರೆಯೋ ಭಾಗ ನನ್ನದು. ಹಳ್ಳಿ ಹುಡುಗ, ಬೆಳಗಿನ ಜಾವ ಕ್ಯಾನು ಹೊತ್ತು ಕ್ಯೂ ನಿಂತವನು, ಹಾಗಾಗಿ ನನಗೆ ಆ ಕೆಲಸದ ಮೇಲೆ ಸ್ವಲ್ಪ ಜಾಸ್ತಿನೇ ಅಭಿಮಾನ.

ನೀವು ಕೋಡ್ ಬರೆಯೋರಾದ್ರೆ ಮುಂದಿನದು ಗೊತ್ತಿರುತ್ತೆ, ಆದ್ರೂ ಹೇಳ್ತೀನಿ. ಪ್ರೋಗ್ರಾಮ್ ‘ರೈಟ್’ ಅಂತ ಕೇಳಿದ ತಕ್ಷಣ ಕರ್ನೆಲ್ ಡಿಸ್ಕಿಗೆ ಓಡಿ ಹೋಗಲ್ಲ. ಕೊಟ್ಟ ಮಾಹಿತಿಯನ್ನ ಮೆಮೊರಿಯಲ್ಲಿರೋ ಪೇಜ್ ಕ್ಯಾಶ್‌ಗೆ ಕಾಪಿ ಮಾಡ್ಕೊಂಡು, ಆ ಪೇಜಿಗೆ ‘ಡರ್ಟಿ’ ಅಂತ ಗುರುತು ಹಾಕಿ, ‘ಇಷ್ಟು ಬೈಟ್ ತಗೊಂಡೆ’ ಅಂತ ವಾಪಸ್ ಬರುತ್ತೆ. ಡಿಸ್ಕಿಗೆ ಬರೆಯೋದು ಆಮೇಲೆ. ಲಿನಕ್ಸ್‌ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಹಿನ್ನೆಲೆಯ ಕೆಲಸಗಾರ 5 ಸೆಕೆಂಡಿಗೊಮ್ಮೆ ಎದ್ದು, 30 ಸೆಕೆಂಡಿಗಿಂತ ಹಳೆಯದಾದ ಡರ್ಟಿ ಪೇಜುಗಳನ್ನ ಬರೆದು ಹಾಕ್ತಾನೆ. ಈಗಲೇ ಬರಿ, ಬರೆಯೋವರೆಗೂ ನಾನು ಕಾಯ್ತೀನಿ ಅನ್ನೋದಕ್ಕೆ ‘ಎಫ್‌ಸಿಂಕ್’ ಅಂತ ಬೇರೆ ಕಾಲ್ ಇದೆ. ಅಂದ್ರೆ ರೈಟ್ ಹೇಳೋದು ಮೊದಲನೇ ಆಯ್ತು, ಎಫ್‌ಸಿಂಕ್ ಹೇಳೋದು ಎರಡನೇ ಆಯ್ತು.

ನನ್ನ ಕೋಡಲ್ಲಿ ಎಫ್‌ಸಿಂಕ್ ಇತ್ತು. ಮಿಷನ್ನಿನ ಅಗ್ಗದ ಮೆಮೊರಿ ಕಾರ್ಡ್ ಕೆಲವು ಸಲ ಅರ್ಧ ಸೆಕೆಂಡು ಎಳೀತಿತ್ತು. ಡೆಮೊ ದಿನ ಮ್ಯಾನೇಜರ್ "ಯಾಕೋ ಸ್ಲೋ ಅನ್ಸುತ್ತಲ್ಲಪ್ಪಾ" ಅಂದ್ರು. ಆ ಒಂದು ಸಾಲು ತೆಗೆದೆ. ಮಿಷನ್ ಪಟಪಟ ಅಂತ ಓಡ್ತು. ಎಲ್ಲರೂ ಭೇಷ್ ಅಂದ್ರು.

ಮೂರು ತಿಂಗಳಾದ ಮೇಲೆ ಒಂದು ಊರಿಂದ ದೂರು ಬಂತು. ಲ್ಯಾಪ್‌ಟಾಪ್ ತಗೊಂಡು ಹೋದೆ. ಬಟವಾಡೆ ದಿನ, ಒಬ್ಬ ಅಜ್ಜಿ ಚೀಟಿ ಹಿಡ್ಕೊಂಡು ನಿಂತಿದ್ರು. ಒಂದು ಬೆಳಗ್ಗೆಯ 4.5 ಲೀಟರ್ ಲೆಕ್ಕದಲ್ಲಿ ಬಂದಿಲ್ಲ. ಸೆಕ್ರೆಟರಿ "ಕಂಪ್ಯೂಟರ್‌ನಲ್ಲಿ ಇಲ್ಲ ಅಜ್ಜಿ, ನಾನೇನ್ ಮಾಡ್ಲಿ" ಅಂತಿದ್ರು. ಅಜ್ಜಿ ನನ್ನ ಕಡೆ ತಿರುಗಿ, "ಈ ಚೀಟಿ ಕೊಟ್ಟಿದ್ದು ನಿನ್ ಮಿಷನ್ನೇ ಅಲ್ವೇನಪ್ಪಾ? ಹಂಗಾರೆ ಸುಳ್ಳು ಹೇಳ್ತಿರೋದು ಯಾರು, ನಾನಾ, ಅದಾ?" ಅಂದ್ರು.

ಆ ಬೆಳಗ್ಗೆ ಕರೆಂಟ್ ಹೋಗಿತ್ತು, ಬ್ಯಾಟರಿ ಸತ್ತಿತ್ತು. ಕೊನೆಯ ಅರ್ಧ ನಿಮಿಷದ ಲೆಕ್ಕ ಮೆಮೊರಿಯಲ್ಲೇ ಆವಿಯಾಗಿತ್ತು.

ಸುಳ್ಳು ಹೇಳಿದ್ದು ಯಾರು? ವಾಪಸ್ ಬರೋ ಬಸ್ಸಲ್ಲಿ ಇದೇ ಯೋಚನೆ. ಕರ್ನೆಲ್ ಅಂತೂ ಅಲ್ಲ. ರೈಟ್ ಯಶಸ್ವಿಯಾಯ್ತು ಅಂದ ಮಾತ್ರಕ್ಕೆ ಮಾಹಿತಿ ಡಿಸ್ಕ್ ಸೇರಿದೆ ಅಂತ ಖಾತ್ರಿ ಇಲ್ಲ ಅಂತ ಅದರ ಕೈಪಿಡಿಯಲ್ಲೇ ಬರೆದಿದೆ. ಅದು ‘ತಗೊಂಡೆ’ ಅಂತು. ಅದನ್ನ ‘ಉಳಿಸಲಾಗಿದೆ’ ಅಂತ ಪರದೆ ಮೇಲೆ ತೋರಿಸಿ, ಚೀಟಿ ಪ್ರಿಂಟ್ ಮಾಡಿದ್ದು ನಾನು. ಒಂದು ಆಯ್ತನ್ನ ಇನ್ನೊಂದು ಆಯ್ತಾಗಿ ಮಾರಿದೋನು ನಾನು.

ಹಾಗಂತ ತಡ ಮಾಡೋದೇ ತಪ್ಪಾ? ಅಲ್ಲ. ಪ್ರತಿ ಬೈಟಿಗೂ ಡಿಸ್ಕ್ ಕಾಯ್ತಾ ಕೂತ್ರೆ ಯಾವ ಕಂಪ್ಯೂಟರೂ ಓಡಲ್ಲ. ನಿಮಿಷಕ್ಕೆ 7200 ಸುತ್ತು ತಿರುಗೋ ಹಾರ್ಡ್ ಡಿಸ್ಕ್ ಒಂದು ಸುತ್ತು ಹಾಕೋಕೆ 8 ಮಿಲಿಸೆಕೆಂಡು ಬೇಕು; ಅಷ್ಟರಲ್ಲಿ ಮೆಮೊರಿಗೆ ಸಾವಿರಾರು ಸಲ ಬರೀಬಹುದು. ಬ್ರೌಸರ್ ಕ್ಯಾಶ್ ಹೋದ್ರೆ ಹೋಗ್ಲಿ ಬಿಡಿ, ಮತ್ತೆ ಡೌನ್‌ಲೋಡ್ ಆಗುತ್ತೆ. ತಡ ಮಾಡೋದರಲ್ಲಿ ತಪ್ಪಿಲ್ಲ. ಆ ತಡದ ರಿಸ್ಕ್ ಯಾರ ತಲೆ ಮೇಲಿದೆ, ಅದು ಅವರಿಗೆ ಗೊತ್ತಿದೆಯಾ ಅನ್ನೋದೇ ಪ್ರಶ್ನೆ. ಡೆಮೊದಲ್ಲಿ ಉಳಿಸಿದ ಅರ್ಧ ಸೆಕೆಂಡಿನ ಲಾಭ ನಮ್ಮದು. ರಿಸ್ಕ್ ಮಾತ್ರ ಅಜ್ಜಿಯದು, ಅವರನ್ನ ಕೇಳದೇನೇ. "ಸಾವಿರಕ್ಕೆ ಒಂದು ಸಲ ಆಗೋದು ಮಾರಾಯ" ಅಂದ ನನ್ನ ಸಹೋದ್ಯೋಗಿ. ನಮ್ಮ ಪಾಲಿಗೆ ಅದು ಸಾವಿರಕ್ಕೆ ಒಂದು. ಅಜ್ಜಿಗೆ ಆ ಬೆಳಗ್ಗೆ ಇದ್ದಿದ್ದೇ ಒಂದು.

ಆಮೇಲೆ 2018ರಲ್ಲಿ ಒಂದು ಚರ್ಚೆ ಓದಿದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಕಟ್ಟೋರಿಗೆ ಒಂದು ವಿಷಯ ತಿಳಿದು ಗಾಬರಿ ಆಗಿತ್ತು. ಡಿಸ್ಕಿಗೆ ಬರೆಯೋದು ವಿಫಲವಾದ್ರೆ ಲಿನಕ್ಸ್ ಎಫ್‌ಸಿಂಕ್‌ನಲ್ಲಿ ಒಂದು ಸಲ ಎರರ್ ಹೇಳಿ, ಆ ಪೇಜ್ ಕ್ಲೀನ್ ಅಂತ ಗುರುತು ಹಾಕಿಬಿಡಬಹುದು. ಮತ್ತೊಮ್ಮೆ ಎಫ್‌ಸಿಂಕ್ ಕೇಳಿದ್ರೆ ‘ಆಯ್ತು’ ಅಂತ ಉತ್ತರ. ಡಿಸ್ಕಲ್ಲಿ ಏನೂ ಇಲ್ಲ! ಇನ್ನೊಂದು ಸಲ ಪ್ರಯತ್ನಿಸಿದ್ರೆ ಸರಿಹೋಗುತ್ತೆ ಅಂತ ಅವರು ವರ್ಷಗಟ್ಟಲೆ ನಂಬಿದ್ರು. 2019ರ ಫೆಬ್ರವರಿಯ ಆವೃತ್ತಿಗಳಲ್ಲಿ ಬದಲಾಯಿಸಿದ್ರು: ಎಫ್‌ಸಿಂಕ್ ವಿಫಲವಾದ್ರೆ ಡೇಟಾಬೇಸ್ ತಾನೇ ಕುಸಿದು ಬೀಳುತ್ತೆ, ಮತ್ತೆ ಎದ್ದು ತನ್ನ ಲಾಗ್ ನೋಡ್ಕೊಂಡು ಮೊದಲಿಂದ ಬರೆಯುತ್ತೆ. ಎಲ್ಲಾ ಸರಿ ಇದೆ ಅಂತ ನಟಿಸೋದಕ್ಕಿಂತ ನಾಲ್ಕು ಜನರ ಎದುರು ಬೀಳೋದೇ ಮೇಲು ಅಂತ ಒಂದು ಸಾಫ್ಟ್‌ವೇರ್ ತೀರ್ಮಾನ ಮಾಡ್ತು. ನಾವು ಮನುಷ್ಯರು ಎಷ್ಟು ಸಲ ಮಾಡಿದ್ದೀವಿ?

ಅವತ್ತು ನಾನು ಸೆಕ್ರೆಟರಿ ಮುಂದೆ "ಚೀಟಿ ಸರಿ ಇದೆ ಸಾರ್, ತಪ್ಪು ನನ್ನ ಪ್ರೋಗ್ರಾಮಿಂದು" ಅಂದೆ. ಅಜ್ಜಿಯ ಲೆಕ್ಕ ಕೈಯಲ್ಲಿ ಬರೆದು ಸೇರಿಸಿದ್ರು. ವಾಪಸ್ ಬಂದು ಆ ಸಾಲು ಮತ್ತೆ ಹಾಕಿದೆ; ಎಫ್‌ಸಿಂಕ್ ಸರಿಯಾಗಿ ಮುಗಿಯೋವರೆಗೂ ಚೀಟಿ ಬರಲ್ಲ. ಆದ್ರೆ ಆ ಅರ್ಧ ನಿಮಿಷದಲ್ಲಿ ಹಾಲು ಹಾಕಿದವರು ಇನ್ನೊಬ್ಬರೋ ಇಬ್ಬರೋ ಇದ್ದಿರಬೇಕು. ಚೀಟಿ ಬಿಸಾಕಿದವರು. ಕೇಳೋಕೆ ಬರದವರು. ಅವರು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಅಂದಹಾಗೆ, ಪಹಣಿ ತಿದ್ದುಪಡಿಗೆ ಅಮ್ಮ ಹೇಳಿ ಎಂಟು ತಿಂಗಳಾಯ್ತು. ನಾನು "ಆಯ್ತಮ್ಮ" ಅಂದಾಗಲೆಲ್ಲ ಅಮ್ಮ ಎರಡನೇ ಅರ್ಥವನ್ನೇ ನಂಬಿಕೊಂಡು ಫೋನ್ ಇಡ್ತಾರೆ. ಸೋಮವಾರಕ್ಕೆ ರಜೆ ಹಾಕಿದ್ದೀನಿ.