ಕೈದೋಟದ ಉಗಿಬಂಡಿಯೂ ಲೀಲಾವಿಚಾರವೂ

ಬಾಲಕರು ಆಡುವುದು ಸಹಜವೆಂದೂ, ವಯಸ್ಸಾದವರು ಆಡುವುದು ಪರಿಹಾಸಕ್ಕೆ ಯೋಗ್ಯವೆಂದೂ ನಮ್ಮಲ್ಲಿ ಅನೇಕರ ಭಾವನೆ. ಚದುರಂಗಕ್ಕೆ ಈ ಆಕ್ಷೇಪವು ಅಷ್ಟಾಗಿ ತಟ್ಟುವುದಿಲ್ಲ. ಅಲ್ಲಿ ಗೆಲವು ಸೋಲುಗಳಿರುವುದರಿಂದ ಅದನ್ನು ಬುದ್ಧಿಯ ವ್ಯಾಯಾಮವೆಂದು ಒಪ್ಪಿಕೊಂಡುಬಿಡುತ್ತೇವೆ. ಆದರೆ ಅರುವತ್ತು ವರ್ಷದ ಗೃಹಸ್ಥನೊಬ್ಬನು ತನ್ನ ಹೂದೋಟದಲ್ಲಿ ಮಂಡಿಯೂರಿ ಕುಳಿತು, ಗುಲಾಬಿಯ ಪಾತಿಗಳ ನಡುವೆ ಪುಟ್ಟ ಉಗಿಬಂಡಿಯೊಂದನ್ನು ಓಡಿಸಿ ಹರ್ಷಿಸುವನೆಂದು ಕೇಳಿದರೆ, 'ಪಾಪ, ಇವನಿಗೆ ಬೇರೆ ಕೆಲಸವಿಲ್ಲವೆ?' ಎನ್ನದವರು ವಿರಳ. ಇಂಗ್ಲೆಂಡು, ಜರ್ಮನಿ, ಅಮೆರಿಕ ಮುಂತಾದ ದೇಶಗಳಲ್ಲಿ ಇಂತಹ ಗೃಹಸ್ಥರು ಬಹುಮಂದಿ ಇರುವರು. ಅವರನ್ನು ನೋಡಿ ನಗುವುದಕ್ಕೆ ಮುಂಚೆ ಆ ಪ್ರಶ್ನೆಯನ್ನೇ ಕೊಂಚ ಪರೀಕ್ಷಿಸೋಣ. ಬೇರೆ ಕೆಲಸವಿದ್ದೂ ಇದನ್ನು ಮಾಡತಕ್ಕವನು ದೋಷಿಯೆ?

ಮೊದಲು ವಸ್ತುಸ್ಥಿತಿಯನ್ನು ತಿಳಿಯಬೇಕು. ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದ ಲೇಮನ್ ಎಂಬ ಆಟಿಕೆಯ ಕಾರ್ಖಾನೆಯವರು 1968ರಲ್ಲಿ, ಮಳೆಬಿಸಿಲುಗಳಿಗೆ ಜಗ್ಗದೆ ಹೊರಗೆ ಬಿದ್ದಿರಬಲ್ಲ ಹಿತ್ತಾಳೆಯ ಕಂಬಿಗಳನ್ನೂ, ಅವುಗಳ ಮೇಲೆ ಓಡತಕ್ಕ ಬಂಡಿಗಳನ್ನೂ ಮಾರುಕಟ್ಟೆಗೆ ತಂದರು. ಕಂಬಿಗಳ ನಡುವಣ ಅಂತರ 45 ಮಿಲಿಮೀಟರು. ನಿಜವಾದ ಮೀಟರ್‌ಗೇಜು ಬಂಡಿಯನ್ನು ಇಪ್ಪತ್ತೆರಡೂವರೆ ಪಾಲಿನಲ್ಲಿ ಒಂದು ಪಾಲಿಗೆ ಕುಗ್ಗಿಸಿದರೆ ಹೆಚ್ಚುಕಡಿಮೆ ಈ ಅಳತೆಯೇ ಬರುತ್ತದೆ. ಬೆಂಗಳೂರಿಗೂ ಮೈಸೂರಿಗೂ ನಡುವೆ ಮೀಟರ್‌ಗೇಜಿನ ಮೇಲೆ ಪ್ರಯಾಣ ಮಾಡಿದ ಹಿರಿಯರಿಗೆ ಆ ಬಂಡಿಯ ಆಕಾರವು ಅಪರಿಚಿತವಾಗಿರಲಾರದು. ಆ ದಾರಿಯನ್ನು 1990ರ ದಶಕದಲ್ಲಿ ಅಗಲಿಸಿದರು. ಕೆಲವರು ವಿದ್ಯುಚ್ಛಕ್ತಿಯಿಂದ ಬಂಡಿಯನ್ನು ನಡೆಸುವರು. ಇನ್ನು ಕೆಲವರಿಗೆ ಅದರಿಂದ ತೃಪ್ತಿಯಿಲ್ಲ. ಪುಟ್ಟ ಬಾಯ್ಲರಿನಲ್ಲಿ ನಿಜವಾಗಿಯೂ ನೀರನ್ನು ಕುದಿಸಿ, ನಿಜವಾದ ಉಗಿಯಿಂದಲೇ ಚಕ್ರವನ್ನು ತಿರುಗಿಸಬೇಕು.

ಇದು ಅಂಗಡಿಯಿಂದ ಕೊಂಡು ತಂದು ಹಾಸಿಬಿಡುವ ಕೆಲಸವೆಂದು ತಿಳಿಯಬಾರದು. ನೆಲವನ್ನು ಸಮಮಾಡಬೇಕು, ನೀರು ನಿಲ್ಲದಂತೆ ಜಲ್ಲಿಯನ್ನು ತುಂಬಬೇಕು, ಏರು ಇರುವಲ್ಲಿ ನೂರು ಅಡಿಗೆ ಎರಡು ಮೂರು ಅಡಿಗಿಂತ ಹೆಚ್ಚಾಗದಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಎಂಜಿನ್ನು ಭಾರವನ್ನೆಳೆಯದು. ಕುಬ್ಜವೃಕ್ಷಗಳನ್ನು ನೆಟ್ಟು ವರ್ಷವರ್ಷವೂ ಕತ್ತರಿಸಿ, ಗೇಣುದ್ದದ ಗಿಡವು ಕಾಡಿನ ಮರದಂತೆ ಕಾಣುವಂತೆ ಮಾಡಬೇಕು. ಇಷ್ಟಾದ ಮೇಲೂ ಪ್ರಕೃತಿಯು ಈ ಒಪ್ಪಂದಕ್ಕೆ ಸಹಿಹಾಕುವುದಿಲ್ಲ. ಉದ್ದವನ್ನು ಇಪ್ಪತ್ತೆರಡೂವರೆ ಪಾಲು ಕುಗ್ಗಿಸಿದರೆ ತೂಕವು ಅದರ ಘನದಷ್ಟು, ಎಂದರೆ ಹನ್ನೊಂದು ಸಾವಿರಕ್ಕೂ ಮಿಕ್ಕಿದ ಪಾಲಿನಷ್ಟು ಕುಗ್ಗುತ್ತದೆ. 30 ಟನ್ನಿನ ಎಂಜಿನ್ನು ಎರಡೂವರೆ ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚಾಗಿ ಉಳಿಯುತ್ತದೆ. ಆದರೆ ಗಾಳಿಯಾಗಲಿ ಮಳೆಯ ಹನಿಯಾಗಲಿ ಕುಗ್ಗುವುದಿಲ್ಲ. ಮರದಿಂದ ಉದುರಿದ ಒಂದು ಹಣ್ಣೆಲೆ ಆ ದಾರಿಗೆ ಅಡ್ಡಬಿದ್ದ ಹೆಬ್ಬಂಡೆ. ಇರುವೆಯ ಗೂಡೊಂದು ಗುಡ್ಡದ ಕುಸಿತ. ಆದುದರಿಂದ ಯಜಮಾನನು ದಿನದ ಮೊದಲ ಬಂಡಿಗೆ ಮುಂಚೆ ಪೊರಕೆಯನ್ನು ಹಿಡಿದು ದಾರಿಯುದ್ದಕ್ಕೂ ಬಗ್ಗಿ ನಡೆಯಬೇಕಾಗುತ್ತದೆ. ತಿರುವುಗಳಲ್ಲಿಯೂ ರಾಜಿಯುಂಟು. ಇಂತಹ ದಾರಿಯ ಅತಿ ಸಣ್ಣ ತಿರುವಿನ ತ್ರಿಜ್ಯವು 60 ಸೆಂಟಿಮೀಟರು. ನಿಜದ ಅಳತೆಗೆ ತಂದರೆ ಹದಿಮೂರೂವರೆ ಮೀಟರು. ಅಷ್ಟು ಇಕ್ಕಟ್ಟಾದ ತಿರುವಿನಲ್ಲಿ ನಿಜವಾದ ರೈಲು ತಿರುಗಲಾರದು. ಸತ್ಯಕ್ಕೆ ಸಮೀಪವಾಗಬೇಕೆಂದು ಇಷ್ಟು ಶ್ರಮಿಸುವವನು ಈ ಅಸತ್ಯವನ್ನು ಮಾತ್ರ ನಗುನಗುತ್ತಾ ಒಪ್ಪಿಕೊಳ್ಳುವನು. ನನಗೆ ಇದು ಬಹು ಪ್ರಿಯವಾದ ಸಂಗತಿಯಾಗಿ ತೋರುತ್ತದೆ.

ಇನ್ನೊಂದು ವಿಚಿತ್ರವುಂಟು. ಈ ಹವ್ಯಾಸಿಗಳಲ್ಲಿ ಕೆಲವರು ಬಂಡಿಯನ್ನು ಸುಮ್ಮನೆ ಸುತ್ತಿಸುವುದಿಲ್ಲ. ವೇಳಾಪಟ್ಟಿಯನ್ನು ಬರೆಯುವರು. ಯಾವ ವ್ಯಾಗನ್ನು ಯಾವ ನಿಲ್ದಾಣದಲ್ಲಿ ಏನನ್ನು ಇಳಿಸಿ ಎಲ್ಲಿಗೆ ಹಿಂದಿರುಗಬೇಕೆಂದು ಚೀಟಿಗಳನ್ನು ಮಾಡಿಕೊಂಡು, ಇಲ್ಲದ ಸರಕನ್ನು ಇಲ್ಲದ ವರ್ತಕನಿಗೆ ತಪ್ಪದೆ ತಲಪಿಸುವರು. ಎರಡು ನಿಲ್ದಾಣಗಳ ನಡುವಣ ದಾರಿ ಕೆಲವೇ ಮಾರು ಇರುವುದರಿಂದ, ಕಾಲವನ್ನೂ ಕುಗ್ಗಿಸಿ, ಐದು ಹತ್ತು ನಿಮಿಷಗಳಿಗೆ ಒಂದು ಗಂಟೆಯನ್ನು ತೋರಿಸುವ ಗಡಿಯಾರವನ್ನು ಇಟ್ಟುಕೊಳ್ಳುವರು. ಹಗಲೆಲ್ಲ ಕಚೇರಿಯ ಕಾಗದಗಳಿಂದ ಬೇಸತ್ತು ಬಂದವನು ಸಂಜೆ ತಾನಾಗಿಯೇ ಕಾಗದಗಳನ್ನು ಸೃಷ್ಟಿಸಿಕೊಂಡು ಅವುಗಳಿಗೆ ಅಧೀನನಾಗುವನು! ಕೆಲಸವೆಂಬುದು ಸ್ವತಃ ದುಃಖಕರವಲ್ಲ, ಪರರ ಅಂಕೆಯಲ್ಲಿ ಫಲವನ್ನು ನೋಡುತ್ತಾ ಮಾಡುವ ಕೆಲಸವೇ ದುಃಖಕರವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವನ್ನು ನಾನು ಕಾಣೆ.

ಇದನ್ನು ಕೇಳಿದೊಡನೆ ನಮ್ಮವರು 'ಹಾಗಾದರೆ ಇದು ನಿಷ್ಕಾಮಕರ್ಮವೇ ಆಯಿತು' ಎಂದು ಬಿಡುವುದುಂಟು. ಆ ದೊಡ್ಡ ಮಾತನ್ನು ಇಷ್ಟು ಅಗ್ಗವಾಗಿ ಮಾರಬಾರದು. ನಿಷ್ಕಾಮಕರ್ಮವು ಕರ್ತವ್ಯವಾದ ಕರ್ಮವನ್ನು ಕುರಿತದ್ದು. ಹೂದೋಟದಲ್ಲಿ ಬಂಡಿಯನ್ನು ಬಿಡೆಂದು ಯಾವ ವಿಧಿವಾಕ್ಯವೂ ಇಲ್ಲ. ಇಲ್ಲಿ ಕಾಮವೂ ಇದೆ: ಸೇತುವೆಯು ಸೊಗಸಾಗಿರಬೇಕು, ಬಂಡಿಯು ಹಳಿ ತಪ್ಪಬಾರದು. ಇದಕ್ಕೆ ಸರಿಯಾದ ಹೆಸರು ಲೀಲೆ. ಆಪ್ತಕಾಮನಾದ ಈಶ್ವರನು ಜಗತ್ತನ್ನು ಏಕೆ ಸೃಷ್ಟಿಸಬೇಕೆಂಬ ಪ್ರಶ್ನೆಗೆ ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದಲ್ಲಿ ಲೀಲೆಯೆಂಬ ಉತ್ತರವಿದೆ. ಶಂಕರಾಚಾರ್ಯರು ಅದನ್ನು ವಿವರಿಸುತ್ತಾ, ಬಯಕೆಗಳೆಲ್ಲ ಈಡೇರಿದ ಅರಸನು ಬೇರೊಂದು ಪ್ರಯೋಜನವನ್ನು ನೋಡದೆ ವಿಹಾರದಲ್ಲಿ ತೊಡಗುವುದನ್ನೂ, ನಾವು ಉಸಿರಾಡುವುದನ್ನೂ ನಿದರ್ಶನವಾಗಿ ಕೊಟ್ಟಿರುವರು. ಆದರೆ ಅಲ್ಲಿಯೇ ಅವರು ಇನ್ನೊಂದು ಮಾತನ್ನೂ ಸೇರಿಸಿರುವರು. ಲೋಕದ ಲೀಲೆಗಳಲ್ಲಿ ಹುಡುಕಿದರೆ ಏನಾದರೂ ಒಂದು ಸೂಕ್ಷ್ಮಪ್ರಯೋಜನವನ್ನು ಊಹಿಸಬಹುದೇನೋ, ಈಶ್ವರನ ವಿಷಯದಲ್ಲಿ ಮಾತ್ರ ಅದೂ ಸಾಧ್ಯವಿಲ್ಲವೆಂಬುದು ಅದರ ತಾತ್ಪರ್ಯ. ನಮ್ಮ ವಿಚಾರಕ್ಕೆ ಬೇಕಾದ ಒರೆಗಲ್ಲು ಇದು. ಮನುಷ್ಯನ ಆಟದಲ್ಲಿ ಅಡಗಿರುವ ಆ ಸೂಕ್ಷ್ಮಪ್ರಯೋಜನವಾವುದು? ದೋಷವಿದ್ದರೆ ಅಲ್ಲಿಯೇ ಇರಬೇಕು.

ಧನವ್ಯಯದ ಆಕ್ಷೇಪವು ಎಲ್ಲರ ಬಾಯಿಗೂ ಮೊದಲು ಬರುವಂಥಾದ್ದು. ವಾಲ್ಟ್ ಡಿಸ್ನಿ ಎಂಬ ಚಿತ್ರೋದ್ಯಮಿಯು ಲಾಸ್ ಏಂಜಲೀಸಿನ ತನ್ನ ಮನೆಯ ಸುತ್ತ 1950ರಲ್ಲಿ ಅರ್ಧ ಮೈಲಿಯಷ್ಟು ಕಂಬಿಯನ್ನು ಹಾಕಿಸಿದನು. ನಿಜದಲ್ಲಿ ಎಂಟನೆಯ ಒಂದು ಪಾಲಿನ ಎಂಜಿನ್ನು. ಅದರ ಹಿಂದೆ ಮನುಷ್ಯರೇ ಕುಳಿತು ಹೋಗಬಹುದಾಗಿದ್ದಿತು. ಪತ್ನಿಯಾದ ಲಿಲಿಯನ್ನಳ ಹೂದೋಟವು ಕೆಡಬಾರದೆಂದು ಅದರ ಕೆಳಗೆ ಸುರಂಗವನ್ನೇ ತೋಡಿಸಿದನು. ಸುರಂಗವನ್ನು ನೇರವಾಗಿ ತೋಡಿದರೆ ಖರ್ಚು ಕಡಿಮೆಯಾಗುವುದೆಂದು ಮೇಸ್ತ್ರಿ ಹೇಳಿದಾಗ, ಏನನ್ನೂ ಮಾಡದಿದ್ದರೆ ಇನ್ನೂ ಕಡಿಮೆಯಾಗುವುದೆಂದು ಡಿಸ್ನಿ ಉತ್ತರವಿತ್ತು, ವಕ್ರವಾಗಿಯೇ ತೋಡಿಸಿದನೆಂದು ಅವನ ಚರಿತ್ರಕಾರರು ಬರೆದಿರುವರು. ಆ ಉತ್ತರದಲ್ಲಿ ಶ್ರೀಮಂತನ ದರ್ಪವಿಲ್ಲದಿಲ್ಲ. ಆದರೆ ಅದರ ತರ್ಕವು ಸರಿಯಾಗಿದೆ: ಪ್ರಯೋಜನವಿಲ್ಲದ ಕಾರ್ಯದಲ್ಲಿ ಮಿತವ್ಯಯವನ್ನು ಕೊನೆಯವರೆಗೆ ಅನ್ವಯಿಸಿದರೆ ಆ ಕಾರ್ಯವೇ ಇರದು, ದೇವರ ಮುಂದಿನ ರಂಗವಲ್ಲಿಯೂ ಇರದು. ಮನೆಯ ಊಟಕ್ಕೂ ಮಕ್ಕಳ ಓದಿಗೂ ಸಲ್ಲಬೇಕಾದುದನ್ನು ಕಂಬಿಗೆ ಸುರಿದವನ ವಿಷಯವನ್ನು ಚರ್ಚಿಸಲೇ ಬೇಕಾಗಿಲ್ಲ.

ಧನಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಪ್ರಭುತ್ವದ ರುಚಿ. ಬೆಟ್ಟವನ್ನು ಇಡುವವನೂ ತಾನೇ, ಊರನ್ನು ಕಟ್ಟುವವನೂ ತಾನೇ. ಅಂಗುಷ್ಠಪ್ರಮಾಣದ ಸ್ಟೇಷನ್ ಮಾಸ್ತರನು ನಿಲ್ಲೆಂದಲ್ಲಿ ನಿಲ್ಲುವನು, ಎದುರಾಡುವುದಿಲ್ಲ. ಮನೆಯಲ್ಲಿಯೂ ಕಚೇರಿಯಲ್ಲಿಯೂ ಮಾತು ನಡೆಯದವನಿಗೆ ಇಂತಹ ಲೋಕವು ಮದ್ಯಕ್ಕಿಂತ ಮಧುರವಾಗಬಹುದು. ಸೂಕ್ಷ್ಮಪ್ರಯೋಜನವು ಇದೇ ಆದರೆ ಆಟವು ಲೀಲೆಯಲ್ಲ, ಅಹಂಕಾರದ ಊಟ. ಆದರೆ ತೋಟವೆಂಬುದು ಇದಕ್ಕೆ ಒಂದು ಚಿಕಿತ್ಸೆಯನ್ನು ತಾನೇ ಇಟ್ಟುಕೊಂಡಿದೆ. ಮನೆಯೊಳಗೆ ಮೇಜಿನ ಮೇಲೆ ಮಾಡಿದ ರೈಲಿನ ಲೋಕದಲ್ಲಿ ಯಜಮಾನನ ಮಾತಿಗೆ ಎದುರಿಲ್ಲ, ಹೊರಗೆ ಹಾಗಲ್ಲ. ಬೇರು ಕಂಬಿಯನ್ನೆತ್ತುತ್ತದೆ, ಬೆಕ್ಕು ಸೇತುವೆಯ ಮೇಲೆ ಮಲಗುತ್ತದೆ, ಮಳೆಯು ಕೇಳದೆ ಬರುತ್ತದೆ. ಡಿಸ್ನಿಯಂತೂ ತನ್ನ ಮನೆಯವರಿಂದಲೇ ದಾರಿಯ ಹಕ್ಕಿಗಾಗಿ ವಕೀಲರು ಬರೆದ ಕರಾರುಪತ್ರಕ್ಕೆ ರುಜು ಮಾಡಿಸಿಕೊಂಡಿದ್ದನು. ವಿನೋದಕ್ಕಾಗಿ ಮಾಡಿದ್ದಾದರೂ ಅದರಲ್ಲಿ ವಿವೇಕವಿದೆ. ಒಬ್ಬನ ಆಟವು ಮತ್ತೊಬ್ಬರ ನೆಲದ ಮೇಲೆ ಹಾಯುತ್ತದೆಯೆಂಬುದನ್ನು ಅದು ಒಪ್ಪಿಕೊಂಡಿತು.

ಆ ದಾರಿಯು ಮೂರು ವರ್ಷ ಮಾತ್ರ ನಡೆಯಿತು. 1953ರಲ್ಲಿ ಅತಿಥಿಯೊಬ್ಬನು ತಿರುವಿನಲ್ಲಿ ವೇಗವಾಗಿ ನಡೆಸಿದ್ದರಿಂದ ಎಂಜಿನ್ನು ಉರುಳಿ, ಸಿಳ್ಳಿನ ಕೊಳವೆ ಮುರಿದು, ಹೊರಟ ಉಗಿಯು ಐದು ವರ್ಷದ ಹುಡುಗಿಯೊಬ್ಬಳ ಕಾಲನ್ನು ಸುಟ್ಟಿತು. ಡಿಸ್ನಿಯು ಎಂಜಿನ್ನನ್ನು ಒಳಗಿರಿಸಿ ಸಂಚಾರವನ್ನು ನಿಲ್ಲಿಸಿದನು. ಎರಡು ವರ್ಷದ ಮೇಲೆ ತೆರೆದ ಡಿಸ್ನಿಲ್ಯಾಂಡಿನ ಸುತ್ತಲೂ ಉಗಿಯ ರೈಲು ಓಡಿತೆಂಬುದು ಬೇರೆಯ ಕಥೆ. ಅದು ವ್ಯಾಪಾರ, ಲೀಲೆಯಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೆ: ಸುಟ್ಟುದು ಆಟದ ಉಗಿಯಲ್ಲ, ಉಗಿಯೇ. ಬಂಡಿಯನ್ನು ಎಷ್ಟು ಕುಗ್ಗಿಸಿದರೂ ಮಗುವಿನ ನೋವು ಆ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಆಟವಾಡುವವನ ಧರ್ಮವು ಇಲ್ಲಿ ಸಂಪೂರ್ಣವಾಗಿ ನಿಜವಾದ ರೈಲು ನಡೆಸುವವನ ಧರ್ಮವೇ ಆಗಿಬಿಡುತ್ತದೆ. ಲೀಲೆಯೆಂಬ ಹೆಸರು ಅವನನ್ನು ಕಾಪಾಡಲಾರದು, ಕಾಪಾಡಲೂ ಬಾರದು.

ಆ ಎಲ್ಲೆಯೊಳಗೆ ಆಡುವವನನ್ನು ನಾನು ದೂಷಿಸಲಾರೆ. ನಮ್ಮ ಮನೆಗಳಲ್ಲಿ ನವರಾತ್ರಿಯಲ್ಲಿ ಬೊಂಬೆಗಳನ್ನು ಕೂರಿಸುವಾಗ, ಹಲಗೆಗಳ ಪಕ್ಕದಲ್ಲಿ ಮಣ್ಣು ಹರಡಿ, ರಾಗಿಯನ್ನು ಬಿತ್ತಿ ಪೈರು ಮಾಡಿ, ಊರೊಂದನ್ನು ಕಟ್ಟಿ, ನೆರೆಹೊರೆಯ ಮಕ್ಕಳನ್ನು ಕರೆದು ಬೊಂಬೆ ಬಾಗಿನವನ್ನು ಕೊಡುವ ಹೆಂಗಸರನ್ನು ಯಾರೂ ಬಾಲಿಶರೆನ್ನುವುದಿಲ್ಲ. ಇಂಗ್ಲೆಂಡಿನ ಬೀಕನ್ಸ್‌ಫೀಲ್ಡಿನಲ್ಲಿ ರೋಲೆಂಡ್ ಕ್ಯಾಲಿಂಗ್‌ಹ್ಯಾಮ್ ಎಂಬ ಲೆಕ್ಕಪರಿಶೋಧಕನು ತನ್ನ ತೋಟದಲ್ಲಿ ಕಟ್ಟಿ 1929ರಲ್ಲಿ ಜನರಿಗೆ ತೆರೆದ ಬೆಕನ್‌ಸ್ಕಾಟ್ ಎಂಬ ಪುಟ್ಟ ಊರೂ ಇಂಥದೇ. ಅದರೊಳಗೆ ಇಂದಿಗೂ ರೈಲು ಓಡುತ್ತದೆ, ಬಂದ ಹಣವು ಧರ್ಮಕಾರ್ಯಗಳಿಗೆ ಸಲ್ಲುತ್ತಿದೆ. ಆದರೆ ಇಂತಹ ದೀರ್ಘಾಯುಷ್ಯವು ಎಲ್ಲ ತೋಟಗಳಿಗೂ ಲಭಿಸುವುದಿಲ್ಲ. ಯಜಮಾನನು ತೀರಿಕೊಂಡರೆ ಮಕ್ಕಳು ಕಂಬಿಗಳನ್ನು ಕಿತ್ತು ಮತ್ತೊಬ್ಬ ಹವ್ಯಾಸಿಗೆ ಮಾರುವರು. ಜಲ್ಲಿಯ ಮೇಲೆ ಹುಲ್ಲು ಹಬ್ಬುತ್ತದೆ. ಅವನು ವರ್ಷವರ್ಷವೂ ಕತ್ತರಿಸುತ್ತಿದ್ದ ಆ ಗಿಡಗಳು, ಈಗ ಯಾರೂ ಕತ್ತರಿಸುವವರಿಲ್ಲವಾಗಿ, ಮೆಲ್ಲಮೆಲ್ಲನೆ ತಮ್ಮ ಎತ್ತರಕ್ಕೆ ಬೆಳೆಯತೊಡಗುತ್ತವೆ.